ಎರಡನೆಯ ಗುಡ್ಡೆ

ನನ್ನ ಸೋದರತ್ತೆಯ ಜೊತೆ ಕಾಳು ಆರಿಸಲು ಕೂತವರು ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ತಾಳಿದ್ದನ್ನು ನಾನು ಕಂಡಿಲ್ಲ. ಬೀದಿಯ ಹೆಂಗಸರು ಸಹಾಯ ಮಾಡೋಣವೆಂದು ಬಂದು ಕೂರುತ್ತಿದ್ದರು. ನಾಲ್ಕು ಮಾತು ಆಡುವಷ್ಟರಲ್ಲಿ ಅತ್ತೆ ಅವರ ಮೊರಕ್ಕೆ ಕೈ ಹಾಕಿ, ಅವರು ಒಳ್ಳೆಯದೆಂದು ಬಿಟ್ಟಿದ್ದ ಕಾಳಿನಿಂದ ಮೂರು ನಾಲ್ಕನ್ನು ಹೆಕ್ಕಿ ಅವರ ಅಂಗೈಯಲ್ಲೇ ಇಟ್ಟು, "ಇದೇನಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎನ್ನುತ್ತಿದ್ದಳು. ಅಷ್ಟಾದ ಮೇಲೆ ಯಾರು ಕೂರುತ್ತಾರೆ? ಬೀದಿಯವರು ಅವಳಿಗೆ ಹದ್ದಿನಕಣ್ಣಿ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಕೋಪ ಬಂದವಳಂತೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಖುಷಿಯಿತ್ತು.

ಅತ್ತೆಯ ಕಸುಬು ಹೆಂಡ ಮಾಡುವುದು. ಭಟ್ಟಿ ಇಳಿಸುವ ಸಾರಾಯಿಯಲ್ಲ. ಮೆಕ್ಕೆಜೋಳದ ನುಚ್ಚನ್ನು ಹಂಡೆಯಲ್ಲಿ ಎರಡು ಸಲ ಕುದಿಸಿ, ತಣಿಸಿ, ಮೊಳಕೆ ಕಾಳಿನ ಪುಡಿ ಬೆರೆಸಿ, ಮೂರು ದಿನ ಹುಳಿ ಬರಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಕೊಡುವ ಮಂದ ಹೆಂಡ. ಅವಳಿಗೆ ಅವಳ ಅತ್ತೆ ಕಲಿಸಿದ್ದು, ಆ ಮುದುಕಿಗೆ ಇನ್ನೊಬ್ಬ ಅತ್ತೆ ಕಲಿಸಿದ್ದು. ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯಲ್ಲಿ ಒಂದೂವರೆ ಕೋಣೆಯ ಮನೆ, ಹಿತ್ತಲಿನಲ್ಲಿ ತಗಡಿನ ಮಾಡು, ಮಾಡಿನ ಕೆಳಗೆ ಮೂರು ಹಂಡೆ, ಗೋಡೆಗೆ ಒರಗಿಸಿದ ಎರಡು ಉದ್ದ ಬೆಂಚು. ಸಂಜೆ ಐದೂವರೆಗೆ ಕೆಲಸ ಬಿಟ್ಟ ಹಮಾಲಿಗಳು ಬಂದು ಬೆಂಚಿನ ಮೇಲೆ ಕೂತು ಒಂದೋ ಎರಡೋ ಲೋಟ ಕುಡಿದು ಮನೆಗೆ ಹೋಗುತ್ತಿದ್ದರು. ಮೂರನೆಯ ಲೋಟ ಕೇಳಿದವನಿಗೆ ಅತ್ತೆ, "ಹೆಂಡತಿ ಬಂದು ಕೇಳಿದ್ರೆ ನಾನೇನು ಹೇಳ್ಲಿ? ಏಳು ಮೇಲೆ" ಎಂದು ಲೋಟ ಕಸಿದುಕೊಳ್ಳುತ್ತಿದ್ದಳು. ಗಲಾಟೆ ಎನ್ನುವುದೇ ಇರಲಿಲ್ಲ.

ನಾನು ಆ ಮನೆಗೆ ಬಂದಾಗ ಆರು ವರ್ಷ. ತಾಯಿ ತೀರಿಕೊಂಡಿದ್ದಳು, ತಂದೆ ಇದ್ದೂ ಇಲ್ಲದವನಂತಿದ್ದ. ಅತ್ತೆಗೆ ಮಕ್ಕಳಿರಲಿಲ್ಲ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊರ ತೋರಿಸಿ ಹೇಳಿದ ಮಾತು ನೆನಪಿದೆ. "ನೋಡು, ಇದು ಎರಡು ಗುಡ್ಡೆ. ಈ ಕಡೆಯದು ನಿನ್ನ ಗಂಜಿಗೆ. ಆ ಕಡೆಯದು ಹಂಡೆಗೆ. ಆ ಕಡೆಯದಕ್ಕೆ ನೀನು ಕೈ ಹಾಕಬಾರದು." ಈ ಕಡೆಯದು ಹಳದಿ ಹೊಳೆಯುವ ಗಟ್ಟಿ ಕಾಳು. ಆ ಕಡೆಯದು ಮುರಿದದ್ದು, ಹುಳು ಕೊರೆದದ್ದು, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ ಬರುವುದು, ಬೂಷ್ಟು ಹಿಡಿದು ತುದಿ ಹಸಿರಾದದ್ದು. ಅದನ್ನು ಬಿಸಾಡುವ ಮಾತೇ ಇಲ್ಲ. "ಎರಡು ಸಲ ಕುದಿಯುತ್ತೆ, ಮೂರು ದಿನ ಹುಳಿಯುತ್ತೆ. ಅಷ್ಟರಲ್ಲಿ ಯಾವ ಹುಳು ಬದುಕಿರುತ್ತೆ, ಯಾವ ಬೂಷ್ಟು ಉಳಿಯುತ್ತೆ?" ಎನ್ನುತ್ತಿದ್ದಳು. ಇಡೀ ಬೀದಿಯೇ ಹಾಗೆ ಮಾಡುತ್ತಿತ್ತು. ಅವಳಷ್ಟು ಚೊಕ್ಕವಾಗಿ ಯಾರೂ ಮಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನೆರೆಮನೆಯ ಗಂಜಿಯಲ್ಲಿ ಕಪ್ಪು ಕಾಳು ಸಿಗುತ್ತಿತ್ತು. ನಮ್ಮ ಮನೆಯ ಗಂಜಿಯಲ್ಲಿ ಸಿಕ್ಕಿದ್ದು ಒಂದು ದಿನವೂ ಇಲ್ಲ.

ಆಚೆ ಬೀದಿಯ ಹೆಂಡಕ್ಕಿಂತ ಅತ್ತೆಯ ಹೆಂಡಕ್ಕೆ ಗಂಟಲಲ್ಲಿ ಒಂದು ಒಗರು ಹೆಚ್ಚು. ಜನ ಬರುತ್ತಿದ್ದುದು ಅದಕ್ಕೇ. ಅದು ಎಲ್ಲಿಂದ ಬರುತ್ತದೆಂದು ಯಾರೂ ಕೇಳಲಿಲ್ಲ. ಕೈಗುಣ ಎಂದುಕೊಂಡರು.

ಮೊದಲ ಲೋಟ ಯಾವಾಗಲೂ ಮಾವನಿಗೆ. ಮಾವ ಧಾನ್ಯದ ಉಗ್ರಾಣದಲ್ಲಿ ಮೂಟೆ ಹೊರುವ ಹಮಾಲಿ. ಎತ್ತರದ ಆಳು, ಮಾತು ಕಡಿಮೆ. ಹೊಸ ಹಂಡೆ ಸೋಸಿದ ದಿನ ಅವನು ಕೈಕಾಲು ತೊಳೆದು ಮೋಟು ಸ್ಟೂಲಿನ ಮೇಲೆ ಕೂರಬೇಕು, ಅತ್ತೆ ತವರದ ಲೋಟ ಕೊಡಬೇಕು, ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ "ಹೂಂ" ಅನ್ನಬೇಕು. ಅಲ್ಲಿಯವರೆಗೆ ಹಿತ್ತಲ ಬಾಗಿಲು ತೆರೆಯುತ್ತಿರಲಿಲ್ಲ. ಬಾಗಿಲಾಚೆ ನಿಂತ ಹಮಾಲಿಗಳು, "ಅಣ್ಣಾ, ಬೇಗ ಹೂಂ ಅನ್ನಪ್ಪಾ, ಜೀವ ಹೋಗ್ತಿದೆ" ಎಂದು ಕೂಗುತ್ತಿದ್ದರು. ಮಾವ ಬೇಕೆಂದೇ ಇನ್ನೊಂದು ಗುಟುಕು ಕುಡಿದು ತಡ ಮಾಡುತ್ತಿದ್ದ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅತ್ತೆ ಅವನ ಅಭಿಪ್ರಾಯ ಕೇಳಿದ ವಿಷಯ ಅದೊಂದೇ ಎಂದು ನಾನು ತಮಾಷೆ ಮಾಡುತ್ತಿದ್ದೆ. "ಅದರಲ್ಲೂ ಬೇರೆ ಉತ್ತರ ಕೊಟ್ರೆ ಕೇಳ್ತಾಳಾ?" ಎಂದು ಮಾವ ಮೀಸೆಯಲ್ಲೇ ನಗುತ್ತಿದ್ದ.

ಅದೇ ಉಗ್ರಾಣದಲ್ಲಿ ನನಗೂ ಕೆಲಸ ಸಿಕ್ಕಿತು. ಮೂಟೆ ಹೊರುವುದಲ್ಲ, ಮೂಟೆ ನೋಡುವುದು. ತುದಿ ಚೂಪಾದ ಕೊಳವೆಯನ್ನು ಮೂಟೆಗೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ತೇವ ಎಷ್ಟು, ಹುಳು ಎಷ್ಟು, ವಾಸನೆ ಹೇಗೆ ಎಂದು ನೋಡಿ ಬರೆದುಕೊಳ್ಳಬೇಕು. ಕೆಟ್ಟಿದ್ದರೆ ಮೂಟೆಯ ಮೇಲೆ ಕೆಂಪು ಶಾಯಿಯಲ್ಲಿ "ತಿರಸ್ಕೃತ" ಎಂದು ಮುದ್ರೆ ಒತ್ತಬೇಕು. ಇಪ್ಪತ್ತೆರಡು ವರ್ಷ ಆ ಮುದ್ರೆ ಒತ್ತಿದ ಕೈ ಇದು. ಒತ್ತಿದ ಮೂಟೆಗಳು ಮುಂಬಾಗಿಲಿನಿಂದ ಹೋಗುತ್ತಿರಲಿಲ್ಲ, ಹಿಂಬಾಗಿಲಿನಲ್ಲಿ ಕಡಿಮೆ ಬೆಲೆಗೆ ಹೋಗುತ್ತಿದ್ದವು. ದನದ ಮೇವಿಗೆ ಎಂದು ಒಬ್ಬರು, ಕೋಳಿಗೆ ಎಂದು ಇನ್ನೊಬ್ಬರು, ಹಂಡೆಗೆ ಎಂದು ನಮ್ಮ ಬೀದಿಯವರು ಒಯ್ಯುತ್ತಿದ್ದರು. ತಿಂಗಳಿಗೆ ಎರಡು ಮೂಟೆ ಅತ್ತೆಗೆ ತೆಗೆದಿಡಿ ಎಂದು ಗುಮಾಸ್ತರಿಗೆ ಹೇಳಿದವನು ನಾನೇ. ನನ್ನನ್ನು ಸಾಕಿದವಳಿಗೆ ಮಾಡಿದ ಉಪಕಾರ ಎಂದು ಎದೆಯುಬ್ಬಿಸಿಕೊಂಡಿದ್ದೆ. ಅತ್ತೆ ಆ ಮೂಟೆಯಿಂದಲೂ ಮುಕ್ಕಾಲು ಪಾಲು ಒಳ್ಳೆಯ ಕಾಳು ಉಳಿಸಿ, "ನಿನ್ನ ಸಾಹೇಬರಿಗೆ ಕಣ್ಣಿಲ್ವಾ? ಇದನ್ನ ಬೇಡ ಅಂದವರು ಯಾರು?" ಎಂದು ನನ್ನನ್ನೇ ಹಂಗಿಸುತ್ತಿದ್ದಳು.

ಮಾವ ಮೂಟೆ ಎತ್ತುವಾಗ ಒಂದು ದಿನ ಹೊಟ್ಟೆ ಹಿಡಿದುಕೊಂಡು ಕೂತ. ಉಳುಕಿರಬೇಕು ಎಂದರು. ತಿಂಗಳಲ್ಲಿ ಅಂಗಿ ಜೋಲಾಡತೊಡಗಿತು, ಕಣ್ಣಿನ ಬಿಳಿ ಹಳದಿಯಾಯಿತು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಯಾದ ಮೇಲೆ ಡಾಕ್ಟರು ನನ್ನನ್ನು ಒಬ್ಬನನ್ನೇ ಕರೆದರು. ಅತ್ತೆ ಕರೆಯದೆಯೇ ಹಿಂದೆ ಬಂದಳು. ಲಿವರಿನಲ್ಲಿ ಕ್ಯಾನ್ಸರ್, ಕತ್ತರಿಸುವ ಹಂತ ದಾಟಿದೆ ಎಂದರು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಏನು ತಿಂತಿದ್ರು? ಕುಡೀತಿದ್ರಾ?" ಡಾಕ್ಟರು ಕೇಳಿದರು.

"ಕುಡೀತಿದ್ರು ಸಾರ್, ದಿನಕ್ಕೆರಡು ಲೋಟ. ಹೊರಗಿನದಲ್ಲ, ನಾನೇ ಮಾಡಿದ್ದು. ಮೂರನೇದು ಯಾವತ್ತೂ ಕೊಟ್ಟಿಲ್ಲ. ಊಟದಲ್ಲಿ ಒಂದು ಕೆಟ್ಟ ಕಾಳು ಹೋಗೋಕೆ ಬಿಟ್ಟಿಲ್ಲ ನಾನು. ಯಾರನ್ನ ಬೇಕಾದ್ರೂ ಕೇಳಿ."

"ಹಾಗಾದ್ರೆ ಯಾಕೆ ಬಂತು?" ಎಂದು ಅವಳೇ ಮತ್ತೆ ಕೇಳಿದಳು. ಹತ್ತು ಕಾರಣ ಇರಬಹುದಮ್ಮಾ, ಹೇಳಕ್ಕಾಗಲ್ಲ ಎಂದರು ಡಾಕ್ಟರು. ಆ ಹತ್ತು ಯಾವುವು ಎಂದು ಅವಳು ಪಟ್ಟು ಹಿಡಿದಳು. ಹಳೇ ಕಾಮಾಲೆ ಇರಬಹುದು, ಕುಡಿತ ಇರಬಹುದು, ಬೂಷ್ಟು ಹಿಡಿದ ಕಾಳು ಕಡಲೆಕಾಯಿ ತಿಂದು ತಿಂದೂ ಬರುತ್ತೆ ಎಂದು ಎಣಿಸುತ್ತ ಹೋದರು. "ಬೂಷ್ಟಿನ ಕಾಳು ನಮ್ಮನೇಲಿ ಯಾರೂ ತಿಂದಿಲ್ಲ" ಎಂದಳು ಅತ್ತೆ. ಅವಳು ಸುಳ್ಳು ಹೇಳಲಿಲ್ಲ. ಯಾರೂ ತಿಂದಿರಲಿಲ್ಲ. ನನಗೆ ಮಾತ್ರ ಹಂಡೆ ನೆನಪಾಯಿತು.

ಯಾಕೆಂದರೆ ಆ ವರ್ಷವೇ ನಮ್ಮ ಪರೀಕ್ಷಾ ಕೋಣೆಗೆ ಒಂದು ದೀಪ ಬಂದಿತ್ತು. ಕಪ್ಪು ಪೆಟ್ಟಿಗೆ, ಒಳಗೆ ನೇರಳೆ ಬೆಳಕಿನ ಕೊಳವೆ, ಮೇಲೆ ಇಣುಕಿ ನೋಡಲು ಒಂದು ಕಿಂಡಿ. ಅದರ ಜೊತೆ ಹೊಸ ಅಧಿಕಾರಿಯೊಬ್ಬಳೂ ಬಂದಿದ್ದಳು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವಳು. ಬೂಷ್ಟಿನಲ್ಲಿ ಒಂದು ಜಾತಿಯದು ಕಾಳಿನೊಳಗೆ ವಿಷ ಬಿಡುತ್ತದೆ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರಿಗೆ ಕ್ಯಾನ್ಸರ್ ತರುತ್ತದೆ, ಅಂಥ ಬೂಷ್ಟು ಹಿಡಿದ ಜೋಳ ಈ ಬೆಳಕಿನಲ್ಲಿ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ ಎಂದು ನಮಗೆಲ್ಲ ಪಾಠ ಹೇಳಿದ್ದಳು. ನಾನು ಹಿಂದಿನ ಸಾಲಿನಲ್ಲಿ ನಿಂತು ಆಕಳಿಸಿದ್ದೆ. ಈಗ ಹೋಗಿ ಅವಳನ್ನು ಕೇಳಿದೆ. "ಮೇಡಂ, ಕುದಿಸಿದ್ರೆ ಹೋಗುತ್ತಲ್ಲ?"

"ಬೂಷ್ಟು ಸಾಯುತ್ತೆ. ಅದು ಬಿಟ್ಟ ವಿಷ ಕುದಿಸಿದ್ರೆ ಹೋಗಲ್ಲ."

"ಹುಳಿ ಬರಿಸಿದ್ರೆ?"

"ಪೂರ್ತಿ ಹೋಗಲ್ಲ. ಯಾಕೆ ಕೇಳ್ತಿದೀರಿ?"

ಸುಮ್ಮನೆ ಎಂದೆ. ಆ ಸಂಜೆ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಹಿತ್ತಲಿಗೆ ಹೋಗಿ, ಮೊಳಕೆ ಪುಡಿಯ ಡಬ್ಬಿಯ ಪಕ್ಕ ಇಟ್ಟಿದ್ದ ಗಂಜಿಯ ಮತ್ತು ಹಂಡೆಯ ಕಾಳಿನ ಎರಡೂ ಬುಟ್ಟಿಗಳಿಂದ ಒಂದೊಂದು ಹಿಡಿ ಕಾಳು ತೆಗೆದು ಎರಡು ಪೊಟ್ಟಣ ಕಟ್ಟಿಕೊಂಡೆ. ಸ್ವಂತ ಮನೆಯಲ್ಲೇ ಕಳ್ಳತನ ಮಾಡಿದವನಂತೆ ಹಿತ್ತಲ ಬಾಗಿಲಿನಿಂದಲೇ ಹೊರಬಿದ್ದೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ತಟ್ಟೆಗೆ ಕಾಳು ಸುರಿದು ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇಟ್ಟು ದೀಪ ಹಾಕಿದೆ. ಎಡಗಡೆಯ ತಟ್ಟೆ, ಗಂಜಿಯ ಕಾಳಿನದು, ಕತ್ತಲೆಯಾಗಿಯೇ ಉಳಿಯಿತು. ಬಲಗಡೆಯದು ಹೊಳೆಯಿತು. ಒಂದೆರಡು ಕಾಳಲ್ಲ, ತಟ್ಟೆಯ ಅರ್ಧಕ್ಕೆ ಅರ್ಧ. ಮಿಣುಕುಹುಳ ಹಿಡಿದು ತುಂಬಿದ ಹಾಗಿತ್ತು. ಉಗ್ರಾಣದ ಯಾವ ಮೂಟೆಯಲ್ಲೂ ಅಷ್ಟು ಹೊಳಪನ್ನು ನಾನು ನೋಡಿರಲಿಲ್ಲ. ಹೇಗೆ ನೋಡುತ್ತೇನೆ? ಮೂಟೆಯಲ್ಲಿ ನೂರಕ್ಕೆ ಎರಡೋ ಮೂರೋ ಕಾಳು ಇರುತ್ತದೆ, ಉಳಿದವುಗಳಲ್ಲಿ ಹರಡಿಹೋಗಿರುತ್ತದೆ. ಅತ್ತೆಯ ಬುಟ್ಟಿಯಲ್ಲಿ ಹರಡಿರಲಿಲ್ಲ. ಅವಳು ಒಂದನ್ನೂ ಬಿಡದೆ ಹೆಕ್ಕಿ ಒಂದೇ ಕಡೆ ಸೇರಿಸಿದ್ದಳು.

"ಊಟ ತಂದಿದೀನಿ ಕಣೋ. ಏನು ನೋಡ್ತಿದೀಯ ಅದರೊಳಗೆ?"

ಬೆನ್ನ ಹಿಂದೆ ಅತ್ತೆ. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಡಬ್ಬಿ ಕೊಟ್ಟು ಹೋಗಲು ಬಂದಿದ್ದಳು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅವಳು ಕಿಂಡಿಗೆ ಕಣ್ಣಿಟ್ಟಾಗಿತ್ತು. ಬಹಳ ಹೊತ್ತು ನೋಡಿದಳು.

"ಇದು ನಮ್ಮನೆ ಕಾಳಲ್ವಾ?"

ನಾನು ಊಟದ ಡಬ್ಬಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಈ ಕಡೆಯದು ಗಂಜಿದು. ಆ ಕಡೆಯದು ಹಂಡೆದು. ನನ್ನ ಕಾಳು ನನಗೆ ಗೊತ್ತಾಗಲ್ವೇನೋ?" ಕಣ್ಣು ತೆಗೆಯದೆಯೇ ಕೇಳಿದಳು, "ಹೊಳೆಯೋದು ಒಳ್ಳೇದಾ, ಹೊಳೆಯದೇ ಇರೋದು ಒಳ್ಳೇದಾ?"

ಜೀವನದಲ್ಲಿ ಸುಳ್ಳು ಹೇಳಬೇಕಾಗಿದ್ದ ಒಂದೇ ಒಂದು ಕ್ಷಣ ಅದು. ನಾನೋ, ಎಷ್ಟೋ ಸುಳ್ಳು ಹೇಳಿದವನು, ಆಗ ಬಾಯಿ ಕಟ್ಟಿದವನಂತೆ ನಿಂತುಬಿಟ್ಟೆ. ಅವಳೇ ನನ್ನ ಮುಖ ನೋಡಿದಳು. ಮುಖವನ್ನೂ ಕಾಳಿನಂತೆಯೇ ನೋಡುವವಳು ಅವಳು. ಡಾಕ್ಟರು ಬೆರಳು ಮಡಿಸಿ ಎಣಿಸಿದ್ದು ಅವಳಿಗೂ ನೆನಪಿತ್ತು. ಮತ್ತೆ ಬಗ್ಗಿ ಎಡಗಡೆಯ ತಟ್ಟೆಯನ್ನು ನೋಡಿದಳು.

"ಈ ಕಡೆಯದರಲ್ಲಿ ಒಂದೂ ಇಲ್ಲ" ಎಂದಳು.

"ಇಲ್ಲತ್ತೆ. ಒಂದೂ ಇಲ್ಲ. ಒಂದನ್ನೂ ಬಿಟ್ಟಿಲ್ಲ ನೀನು."

ಸಮಾಧಾನಕ್ಕೆಂದು ಹೇಳಿದ್ದು ಬಾಯಿಂದ ಹೊರಬಿದ್ದ ಮೇಲೆ ಏನಾಯಿತೆಂದು ತಿಳಿಯಿತು. ಅತ್ತೆ ಕಿಂಡಿಯಿಂದ ಮುಖ ತೆಗೆದಳು. ಮೂವತ್ತೆಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರಿಸಿದ್ದಾಳೆ. ಸ್ವಲ್ಪ ಸೋಮಾರಿಯಾಗಿದ್ದಿದ್ದರೆ, ನೆರೆಮನೆಯವಳಷ್ಟು ಅಡ್ಡಾದಿಡ್ಡಿಯಾಗಿದ್ದಿದ್ದರೆ, ಆ ಕಾಳು ಅಷ್ಟಿಷ್ಟು ಎಲ್ಲರ ಹೊಟ್ಟೆಗೂ ಹಂಚಿ ಹೋಗುತ್ತಿತ್ತು, ನನ್ನ ಹೊಟ್ಟೆಗೂ. ನನ್ನ ಪಾಲಿನದು ಕೂಡ ಮಾವನ ಲೋಟಕ್ಕೆ ಹೋಗಿತ್ತು.

"ಅತ್ತೆ, ಅದರಿಂದಲೇ ಬಂತು ಅಂತ ಡಾಕ್ಟರು ಹೇಳಿಲ್ಲ. ಹತ್ತು ಕಾರಣ ಇರುತ್ತೆ ಅಂದ್ರಲ್ಲ. ಮೂಟೆ ತಂದುಕೊಟ್ಟವನು ನಾನು. ಬೈಯೋದಿದ್ರೆ ನನ್ನ ಬೈಯಿ."

ಅವಳು ಬೈಯಲಿಲ್ಲ. ಸಣ್ಣದಕ್ಕೆಲ್ಲ ಬೀದಿ ಕೇಳುವಂತೆ ಬೈಯುವವಳು, ಆ ದಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬಿಸಿ ಇರುವಾಗಲೇ ತಿನ್ನು. ನಿಮ್ಮ ಮಾವನಿಗೆ ಹೇಳಬೇಡ" ಎಂದು ಹೊರಟುಹೋದಳು.

ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅವಳು ಆ ಕಾಳನ್ನು ಬೇರೆ ವಿಧಾನದಲ್ಲೂ ಪರೀಕ್ಷಿಸಿ, ವಿಷ ಇರುವುದು ನಿಜ ಎಂದಳು. ಹಿಂಬಾಗಿಲಿನ ಮಾರಾಟ ನಿಲ್ಲಿಸಬೇಕೆಂದು ಮೇಲಿನವರಿಗೆ ಎರಡು ಕಾಗದ ಬರೆದಳು. ಉತ್ತರ ಬರಲಿಲ್ಲ, ಆರು ತಿಂಗಳಿಗೆ ಅವಳಿಗೆ ವರ್ಗವಾಯಿತು. ದೀಪದ ಕೊಳವೆ ಹೋಯಿತು, ಹೊಸದು ಬಂದಿಲ್ಲ. ಪೆಟ್ಟಿಗೆಯ ಮೇಲೆ ಈಗ ಗುಮಾಸ್ತರು ಊಟದ ಚೀಲ ಇಡುತ್ತಾರೆ. ಬೀದಿಯಲ್ಲಿ ನಾನು ಮನೆಮನೆಗೆ ಹೋಗಿ, ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ ಎಂದು ಹೇಳಿದೆ. "ನಮ್ಮಜ್ಜ ಇದನ್ನೇ ಕುಡಿದು ತೊಂಬತ್ತು ವರ್ಷ ಬದುಕಿದ್ದ" ಎಂದು ಒಬ್ಬ. "ಒಳ್ಳೇ ಕಾಳು ಹಂಡೆಗೆ ಹಾಕಿ ಮಕ್ಕಳಿಗೆ ಏನು ಬೇಯಿಸ್ಲಿ, ನೀನು ಕೊಡ್ತೀಯಾ?" ಎಂದು ಇನ್ನೊಬ್ಬಳು. ಅವಳ ಪಕ್ಕದ ಮನೆಯ ಬಾಗಿಲು ತಟ್ಟದೆ ಹಿಂತಿರುಗಿದೆ.

ಮಾವನನ್ನು ಮನೆಗೆ ಕಳಿಸಿದರು, ಇನ್ನು ಮಾಡುವುದೇನೂ ಇಲ್ಲವೆಂದು. ಹಿತ್ತಲಿನ ಬೆಂಚಿಗೆ ಹಾಸಿಗೆ ಹಾಸಿ ಮಲಗಿಸಿದೆವು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತ್ತು. ಹಂಡೆಗಳು ಬೋರಲು ಬಿದ್ದಿದ್ದವು. ಅವನು ದಿನವೂ ಅವುಗಳನ್ನೇ ನೋಡುತ್ತಿದ್ದ. ಒಂದು ಬೆಳಿಗ್ಗೆ ಕೇಳಿದ, "ಯಾಕೆ, ಒಲೆ ಹಚ್ಚೋದೇ ಬಿಟ್ಟೆಯಾ?"

"ನಿಮ್ಮನ್ನ ನೋಡ್ಕೊಳ್ಳೋದೇ ಆಗಿದೆ. ಪುರುಸೊತ್ತೆಲ್ಲಿದೆ?"

"ಒಂದು ಸಲ ಮಾಡೇ. ಒಂದು ಲೋಟ ಕುಡಿದು ಹೂಂ ಅಂದುಬಿಡ್ತೀನಿ."

ಡಾಕ್ಟರನ್ನು ಕೇಳಿದೆ. ಇನ್ನು ಏನು ಕೊಟ್ಟರೂ ಒಂದೇ, ಬಾಯಿಗೆ ಬೇಕೆನಿಸಿದ್ದನ್ನು ಕೊಡಿ ಎಂದರು. ಅತ್ತೆ ಆ ದಿನ ಮೊರ ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಳು. ಆರಿಸಿದ ಗಂಜಿಯ ಕಾಳನ್ನೇ ಮತ್ತೆ ಆರಿಸಿದಳು, ಬಿಸಿಲಿಗೆ ಹಿಡಿದು ಒಂದೊಂದನ್ನೂ ತಿರುಗಿಸಿದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಒಳ್ಳೆಯ ಗುಡ್ಡೆ ಹಂಡೆಗೆ ಬಿತ್ತು. ಎರಡು ಸಲ ಕುದಿಸಿದಳು, ಮೂರು ದಿನ ಕಾದಳು, ಸೋಸಿದಳು. ಮಾವನ ಕೈಕಾಲು ಒರೆಸಿ, ಗೋಡೆಗೆ ದಿಂಬು ಇಟ್ಟು ಒರಗಿಸಿ, ತವರದ ಲೋಟವನ್ನು ತಾನೇ ಹಿಡಿದು ಬಾಯಿಗಿಟ್ಟಳು.

ಮಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ನಾವಿಬ್ಬರೂ ಅವನ ಮುಖವನ್ನೇ ನೋಡುತ್ತಿದ್ದೆವು. ಹೂಂ ಅನ್ನಲಿಲ್ಲ. ಕಣ್ಣು ಬಿಟ್ಟು ಲೋಟವನ್ನು ನೋಡಿದ, ಅತ್ತೆಯನ್ನು ನೋಡಿದ.

"ಸಪ್ಪೆ. ಇದು ನಿನ್ನ ಕೈದಲ್ಲ. ಯಾರ ಮನೆಯಿಂದ ತಂದೆ?"

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಆಚೆ ಬೀದಿಯಿಂದ ತರಿಸ್ದೆ" ಎಂದಳು.

"ಅದಕ್ಕೇ. ನಿನ್ನ ಹಾಗೆ ಅವರಿಗೆಲ್ಲಿ ಬರುತ್ತೆ?" ಎಂದು ಮಾವ ಅವಳ ಕೈಯನ್ನು ಮೆಲ್ಲಗೆ ತಟ್ಟಿದ. "ನಾಳೆ ನೀನೇ ಮಾಡು."

ಅವಳು ಆಗಲಿ ಎಂದಳು. ಆ ನಾಳೆ ಬರಲಿಲ್ಲ. ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ, ಬಿಸಿಲು ಬೆಂಚಿನ ಮೇಲೆ ಬರುವಷ್ಟರಲ್ಲಿ, ಮಾವ ಹೋಗಿಬಿಟ್ಟ.

ಹಮಾಲಿಗಳು ಆಚೆ ಬೀದಿಗೆ ಹೋಗಲು ಶುರುಮಾಡಿ ಈಗ ಎರಡು ವರ್ಷ. ಹಂಡೆಗಳನ್ನು ಕೊಂಡವರೂ ಆಚೆ ಬೀದಿಯವರೇ. ಉಗ್ರಾಣದ ಹಿಂಬಾಗಿಲು ತೆರೆದೇ ಇದೆ, ನಾನು ಮುದ್ರೆ ಒತ್ತುತ್ತಲೇ ಇದ್ದೇನೆ. ಅತ್ತೆ ಗಂಜಿಗೆ ಅಂಗಡಿಯ ಜೋಳ ತಂದು ಮೊದಲಿನಂತೆಯೇ ಮೊರ ಹಿಡಿದು ಕೂರುತ್ತಾಳೆ. ಕಣ್ಣು ಸ್ವಲ್ಪ ಮಂದವಾಗಿದೆ, ಬೆರಳಿಗೆ ಮಾತ್ರ ಎಲ್ಲವೂ ಗೊತ್ತು. ಈಗಲೂ ಎರಡು ಗುಡ್ಡೆ ಏಳುತ್ತದೆ. ಎರಡನೆಯದನ್ನು ಅವಳು ಹಳೆಯ ಹಾಲುಪುಡಿ ಡಬ್ಬಿಗಳಿಗೆ ತುಂಬಿ, ಮುಚ್ಚಳ ಬಿಗಿಮಾಡಿ, ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಕಳೆದ ವಾರ ಎಣಿಸಿದಾಗ ಹನ್ನೊಂದು ಡಬ್ಬಿ ಇದ್ದವು.

"ಇದನ್ನ ಎಲ್ಲಿ ಹಾಕ್ಲಿ ಹೇಳು" ಎಂದು ಕೇಳಿದಳು. "ಕೋಳಿಗೆ ಹಾಕಿದ್ರೆ ಮೊಟ್ಟೆಗೆ ಬರುತ್ತೆ ಅಂತೀಯ. ದನಕ್ಕೆ ಹಾಕಿದ್ರೆ ಹಾಲಿಗೆ ಬರುತ್ತೆ ಅಂತೀಯ. ತಿಪ್ಪೆಗೆ ಹಾಕಿದ್ರೆ ಯಾರಾದ್ರೂ ಬಡವರು ಆರಿಸ್ಕೊಂಡು ಹೋಗ್ತಾರೆ."

"ಸುಟ್ಟುಬಿಡು ಅತ್ತೆ."

ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬೆಂಕಿಗೆ ಹಾಕಿದ್ರೆ ಹೋಗಲ್ಲ ಅಂದವನು ನೀನೇ ಅಲ್ವೇನೋ?"

ಅದು ಕುದಿಸುವ ಮಾತು, ಇದು ಸುಡುವ ಮಾತು, ಎರಡೂ ಬೇರೆ ಎಂದು ವಿವರಿಸಲು ಬಾಯಿ ತೆರೆದೆ. ಅವಳು ಕೇಳಲಿಲ್ಲ. ಹನ್ನೆರಡನೆಯ ಡಬ್ಬಿಯನ್ನು ಎಳೆದುಕೊಂಡು, ಒಂದು ಕಾಳೂ ನೆಲಕ್ಕೆ ಬೀಳದಂತೆ ಅಂಗೈ ಅಡ್ಡ ಹಿಡಿದು, ಎರಡನೆಯ ಗುಡ್ಡೆಯನ್ನು ಅದಕ್ಕೆ ಸುರಿಯತೊಡಗಿದಳು.